ಹೊರಗೆ ಕೊಡುವ ಮಾತು

ಊಟದ ಮೇಜಿಗೆ ನಾಲ್ಕು ಕುರ್ಚಿ, ಕೂರುವವರು ಮೂವರು. ನಾಲ್ಕನೆಯ ಕುರ್ಚಿಯ ಮುಂದೆ ಈಗ ಸೊಸೆಯ ಫೋನು ಕೂರುತ್ತಿತ್ತು. ಅದು ತಾನೂ ಉಣ್ಣುತ್ತಿರಲಿಲ್ಲ, ಉಣ್ಣುವವರನ್ನೂ ಬಿಡುತ್ತಿರಲಿಲ್ಲ.

ಟಿಣ್ ಎಂದಿತು. ಸೊಸೆ ಎಡಗೈ ಚಾಚಿದಳು.

"ಅನ್ನ ಆರ್ತಿದೆ," ಎಂದಳು ದಿಂಬಿನಮ್ಮ.

"ಒಂದೇ ನಿಮಿಷ ಅತ್ತೆ. ದಿಂಬು ತೊಳೀಬಹುದಾ ಅಂತ ಯಾರೋ ಕೇಳ್ತಿದ್ದಾರೆ."

"ದಿಂಬನ್ನ ಯಾರಾದ್ರೂ ತೊಳೀತಾರಾ? ಗವಸು ತೊಳೀರಿ, ದಿಂಬು ಬಿಸಿಲಿಗಿಡಿ ಅನ್ನು. ಹಾಗೇ, ನಾವಿಲ್ಲಿ ಊಟಕ್ಕೆ ಕೂತಿದ್ದೀವಿ ಅಂತಲೂ ಹೇಳು."

ಸೊಸೆ ಮೊದಲರ್ಧ ಮಾತ್ರ ಬರೆದಳು. ತುತ್ತು ಎತ್ತುವಷ್ಟರಲ್ಲಿ ಮತ್ತೆ ಟಿಣ್.

"ಲೇ, ಬಿಡೆ ಅವಳನ್ನ," ಎಂದರು ಯಜಮಾನರು. "ಅದು ಅನ್ನ ಕೊಡೋ ಶಬ್ದ."

"ಅನ್ನ ಕೊಡೋ ಶಬ್ದಾನೇ ಅನ್ನ ತಿನ್ನೋಕೆ ಬಿಡ್ತಿಲ್ಲವಲ್ರೀ!"

ಬೀದಿಯವರು ಅವಳಿಗೆ ದಿಂಬಿನಮ್ಮ ಎಂದು ಹೆಸರಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಅಂಚೆಯವನು ಕೂಡ ಹಾಗೆಯೇ ಕೂಗುತ್ತಿದ್ದ. ಬೀದಿಗೆ ತೆರೆದ ಮುಂದಿನ ಕೋಣೆ ಅಂಗಡಿ. ನಡುವಿನ ಕೋಣೆಯಲ್ಲಿ ಹತ್ತಿ ಬಿಡಿಸುವ ಯಂತ್ರ, ಅರಳೆ ಮೂಟೆಗಳು, ಯಜಮಾನರು. ಹಿಂದೆ ಅಡುಗೆಮನೆ. ಯಂತ್ರಕ್ಕೂ ಒಲೆಗೂ ನಡುವೆ ಒಂದು ಹಲಗೆಯ ಗೋಡೆ, ಅಷ್ಟೆ. ಯಂತ್ರ ನಿಂತಾಗ ಅತ್ತಲಿನ ಪಿಸುಮಾತೂ ಇತ್ತ ಕೇಳುತ್ತಿತ್ತು. ಓಡುವಾಗ ಕೂಗಿದರೂ ಕೇಳುತ್ತಿರಲಿಲ್ಲ.

ದಿಂಬು ಮೊದಲು ಈ ಬೀದಿಗೆ, ಪಕ್ಕದ ಬೀದಿಗೆ ಮಾತ್ರ ಹೋಗುತ್ತಿತ್ತು. ಅದನ್ನು ಕಂಡರಿಯದ ಊರುಗಳಿಗೆ ಮುಟ್ಟಿಸಿದವನು ಮಗ. ಭುಜದ ತುದಿಯಿಂದ ಕಿವಿಯವರೆಗೆ ಅಳತೆ ಕಳಿಸಿ, ಮಗ್ಗುಲಾಗಿ ಮಲಗುತ್ತೀರೋ ಅಂಗಾತವೋ ಹೇಳಿ, ನಿಮ್ಮ ಕತ್ತಿಗೆ ಸರಿಯಾದ ದಿಂಬು ಮನೆಗೆ ಬರುತ್ತದೆ ಎಂದು ಫೋನಿನಲ್ಲಿ ಒಂದು ಪೇಜು ತೆರೆದ. ಅಪ್ಪ ನಕ್ಕರು. ಆಮೇಲೆ ಮೂಟೆಗಟ್ಟಲೆ ಅರಳೆ ತರಿಸಿದರು.

ಮಗ ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿತ್ತು. ಪೇಜು ಸೊಸೆಯ ಪಾಲಿಗೆ ಬಂತು. ಫೋಟೊ ತೆಗೆಯುವುದು, ಅದರ ಕೆಳಗೆ ನಾಲ್ಕು ಸಾಲು ಬರೆಯುವುದು, ಕೇಳಿದವರಿಗೆ ಉತ್ತರ ಕೊಡುವುದು, ಜಾಹೀರಾತು ಯಾವ ಊರಿಗೆ ಎಷ್ಟು ಹೊತ್ತು ಓಡಬೇಕೆಂದು ತಿರುತಿರುಗಿ ನೋಡುವುದು, ಎಲ್ಲ ಅವಳೇ. ಮದುವೆಗೆ ಮುಂಚೆಯೂ ಆಮೇಲೂ ಅವಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವಳು. ಕೆಲವು ದಿನ ರಜೆ ಎಂದು ಬಿಟ್ಟದ್ದು ಬಿಟ್ಟೇಹೋಗಿತ್ತು. ಈಗ ಕಾಲೇಜಿನವರು ಮತ್ತೆ ಕರೆಯುತ್ತಿದ್ದರು. ಮುಂದಿನ ಅವಧಿಯಿಂದ, ಬೆಳಗಿನ ತರಗತಿಗಳು.

ಹೋಗಬೇಕೆಂದರೆ ಪೇಜಿನ ಕೆಲಸದಲ್ಲಿ ಒಂದಿಷ್ಟನ್ನಾದರೂ ಯಾರಿಗಾದರೂ ವಹಿಸಬೇಕು. ಮಗಳು ಇದನ್ನು ಹಿಂದೊಮ್ಮೆ ಎತ್ತಿದ್ದಳು. ಆಗ ದಿಂಬಿನಮ್ಮ ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲೆ ಕುಕ್ಕಿ, "ನನ್ನ ಮಗ ಕಟ್ಟಿದ್ದು ಅದು. ಕಂಡೋರ ಕೈಗೆ ಕೊಡೋದಾದ್ರೆ ನಾನು ಕಣ್ಣು ಮುಚ್ಚಿದ ಮೇಲೆ ಕೊಡಿ," ಎಂದಿದ್ದಳು. ಹಾಗಾಗಿ ಈ ಸಲ ಅವಳನ್ನು ಬಿಟ್ಟು ಮಾತಾಡುವುದೆಂದು ಉಳಿದವರು ನಿಶ್ಚಯ ಮಾಡಿಕೊಂಡರು. ತಪ್ಪಾದದ್ದು ಅಲ್ಲೇ.

ಆ ಭಾನುವಾರ ಮಗಳು ಬಂದಿದ್ದಳು. ಅವಳ ಮನೆ ಊರಿನ ಇನ್ನೊಂದು ತುದಿ, ಕೆಲಸ ಅಚ್ಚುಮನೆಯಲ್ಲಿ. ಬಂದರೆ ಅಪ್ಪನ ಮೂಟೆಗಳ ಮೇಲೆ ಕೂತೇ ಮಾತು. ದಿಂಬಿನಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಯಂತ್ರ ಗಕ್ಕನೆ ನಿಂತಿತು.

"ಅತ್ತಿಗೆ ಒಬ್ಬಳೇ ಎಷ್ಟು ದಿನ ಅಂತ ಹೀಗೆ ಒದ್ದಾಡ್ತಾಳೆ ಅಪ್ಪ?" ಮಗಳ ಗಂಟಲು. "ಹೊರಗೆ ಕೊಟ್ಟುಬಿಡೋಣ."

"ನನಗೂ ಹಾಗೇ ಅನ್ನಿಸ್ತಿದೆ," ಯಜಮಾನರ ಗಂಟಲು. "ಒಳ್ಳೆಯವರು ಸಿಗಬೇಕಲ್ಲ."

"ಒಬ್ಬರಿದ್ದಾರೆ. ನಮ್ಮ ಅಚ್ಚುಮನೆಗೆ ಬರ್ತಾ ಇರ್ತಾರೆ. ಮೊದಲು ಫೋಟೊ ಕಳಿಸಿ, ನೋಡ್ತೀವಿ ಅಂದ್ರು."

"ನಿಮ್ಮ ಅತ್ತಿಗೆ ಏನಂತಾಳೆ?"

"ಒಪ್ಪಿದ್ದಾಳೆ. ಅಮ್ಮನಿಗೆ ಮಾತ್ರ ಈಗಲೇ ಹೇಳ್ಬೇಡ. ರಂಪ ಮಾಡ್ತಾಳೆ."

ಯಂತ್ರ ಮತ್ತೆ ಓಡಿತು.

ದಿಂಬಿನಮ್ಮನ ಕೈಯಲ್ಲಿದ್ದ ಆಲೂಗಡ್ಡೆ ಸುಲಿದು ಸುಲಿದು ಗೋಲಿಯಷ್ಟಾಯಿತು. ಅವಳ ಕಾಲದಲ್ಲಿ ಹೊರಗೆ ಕೊಡುವುದೆಂದರೆ ಒಂದೇ. ಅವಳನ್ನೂ ಹಾಗೇ ಕೊಟ್ಟಿದ್ದರು, ಗುರುತು ಪರಿಚಯವಿಲ್ಲದ ಈ ದಿಂಬಿನ ಮನೆಗೆ.

ಆ ಮಧ್ಯಾಹ್ನ ಆಲೂಗಡ್ಡೆಗೆ ಉಪ್ಪೇ ಇರಲಿಲ್ಲ. ಮೂವರೂ ಸಪ್ಪೆಯನ್ನೇ ಉಂಡೆದ್ದರು. ಅವರ ಮನಸ್ಸಿನಲ್ಲೂ ಗುಟ್ಟಿತ್ತಲ್ಲ.

"ಅಮ್ಮ, ನೀನ್ಯಾಕೆ ಮಾತಾಡ್ತಿಲ್ಲ?" ಎಂದಳು ಮಗಳು ಹೊರಡುವಾಗ.

"ಮಾತಾಡೋರು ತುಂಬ ಜನ ಇದ್ದಾರಲ್ಲ ಈ ಮನೇಲಿ. ನನ್ನದೊಂದು ಯಾಕೆ."

"ಏನಾಯ್ತೀಗ?"

"ಬಸ್ಸು ತಪ್ಪುತ್ತೆ, ಹೊರಡು."

ಆ ವಾರವೆಲ್ಲ ಪಾತ್ರೆಗಳು ಮಾತಾಡಿದವು. ಯಜಮಾನರಿಗೆ ಚಹಾ ತಣ್ಣಗೆ ಸಿಕ್ಕಿತು, ಅಂಗಿ ಇಸ್ತ್ರಿಯಿಲ್ಲದೆ ಸಿಕ್ಕಿತು. ಕೇಳಿದರೆ, "ಹೊರಗೆ ಕೊಡಿ, ಮಾಡ್ಕೊಂಡು ಬರ್ತಾರೆ," ಎಂಬ ಉತ್ತರ. ಗುಟ್ಟು ಬಯಲಾಯಿತೇನೋ ಎಂದು ಅವರಿಗೆ ಅನುಮಾನ ಬಂತು. ಮುಂದೆ ಕೇಳಲು ಧೈರ್ಯ ಸಾಲದೆ ಅಂಗಿಯನ್ನು ತಾವೇ ದಿಂಬಿನ ಕೆಳಗಿಟ್ಟು ಮಡಿಕೆ ಮಾಡಿಕೊಂಡರು.

ಸೊಸೆಯ ವಿಷಯದಲ್ಲಿ ಅವಳು ಬೇರೆ ದಾರಿ ಹಿಡಿದಳು. ಇರುವಷ್ಟು ದಿನ ಸುಖವಾಗಿಟ್ಟುಕೊಂಡರೆ ಹೋಗುವ ಮನಸ್ಸು ಬದಲಾದೀತು ಎಂಬುದು ಅವಳ ಎಣಿಕೆ. ಸೊಸೆ ಪಾತ್ರೆಗೆ ಕೈ ಹಚ್ಚಿದರೆ, "ಬಿಡು, ನಾನು ತೊಳೀತೀನಿ." ಪೊರಕೆ ಹಿಡಿದರೆ, "ಇಲ್ಲಿ ಕೊಡು." ತಟ್ಟೆಗೆ ಬೇಡವೆಂದರೂ ಇನ್ನೊಂದು ಮೊಟ್ಟೆ.

"ಅತ್ತೆ, ಇಷ್ಟು ತಿನ್ನೋಕೆ ಆಗಲ್ಲ."

"ಈ ಮನೇಲಿ ತಿನ್ನೋಕೆ ಕಡಿಮೆ ಮಾಡಿದ್ದೀವಾ ನಿನಗೆ? ಹೇಳು, ಯಾವತ್ತಾದ್ರೂ ಕಡಿಮೆ ಮಾಡಿದ್ದೀವಾ?"

ಸೊಸೆ ತಬ್ಬಿಬ್ಬಾಗಿ ಮೊಟ್ಟೆ ತಿಂದಳು.

ಫೋನು ಟಿಣ್ ಎಂದರೆ ಈಗ ದಿಂಬಿನಮ್ಮ ಬೈಯುತ್ತಿರಲಿಲ್ಲ. ಸೊಸೆ ಸ್ನಾನಕ್ಕೆ ಹೋದಾಗ ತಾನೇ ಎತ್ತಿಕೊಳ್ಳುತ್ತಿದ್ದಳು. ಅವಳಿಗೆ ಓದಲು ಬರುತ್ತಿತ್ತು, ಫೋನಿನಲ್ಲಿ ಬರೆಯಲು ಬಾರದು. ಆದರೆ ಒತ್ತಿ ಹಿಡಿದು ಮಾತಾಡಿದರೆ ಅತ್ತ ಮುಟ್ಟುತ್ತದೆಂದು ಮಗ ಕಲಿಸಿಕೊಟ್ಟಿದ್ದ. "ನೋಡಪ್ಪ, ಅಂಗಾತ ಮಲಗೋನಿಗೆ ಇಷ್ಟು ಎತ್ತರ ಯಾಕೆ? ಗೊರಕೆ ಹೊಡೀತೀಯಾ? ನಿನ್ನ ಹೆಂಡ್ತೀನ ಕೇಳಿ ಹೇಳು," ಎಂದು ಯಾರಿಗೋ ಕಳಿಸಿದಳು. ಆ ಮನುಷ್ಯ ಹೆಂಡತಿಯನ್ನು ಕೇಳಿ, ಹೌದೆಂದು ಒಪ್ಪಿಕೊಂಡು, ಎರಡು ದಿಂಬು ತರಿಸಿದ.

ಅತ್ತ ಮೂವರ ಗುಟ್ಟು ಮುಂದುವರಿದಿತ್ತು. ಮೊದಲು ಯಾವ ಕೆಲಸ ವಹಿಸುವುದೆಂಬುದೇ ತೀರ್ಮಾನವಾಗಲಿಲ್ಲ. ಹೆಚ್ಚು ಹೊತ್ತು ತಿನ್ನುವುದು ಯಾವುದೋ ಅದನ್ನೇ ಮೊದಲು ಕೊಡಬೇಕೆಂದು ಮಗಳು. ಅಂದರೆ ಉತ್ತರ ಬರೆಯುವುದು. ಫೋಟೊ ಕೊಡೋಣ, ನಮ್ಮ ಮನೆಯಲ್ಲಿ ತೆಗೆದ ಫೋಟೊದಲ್ಲಿ ದಿಂಬು ಹಿಟ್ಟಿನ ಮೂಟೆಯ ಹಾಗೆ ಕಾಣುತ್ತದೆ ಎಂದು ಯಜಮಾನರು. ಜಾಹೀರಾತು ಬೇಡ, ಅದು ನಮ್ಮವರೇ ಹಾಕಿಟ್ಟ ಕ್ರಮ, ನನ್ನ ಹತ್ತಿರವೇ ಇರಲಿ ಎಂದು ಸೊಸೆ. ಕೊನೆಗೆ ಮಗಳ ಮಾತೇ ಗೆದ್ದು, ಉತ್ತರ ಬರೆಯುವುದನ್ನು ಒಂದು ವಾರ ಮಗಳ ಅಚ್ಚುಮನೆಗೆ ಬರುತ್ತಿದ್ದ ಆ ಪ್ರಚಾರದವನಿಗೆ ಕೊಟ್ಟು ನೋಡಿದರು.

ಹಲಗೆಯ ಗೋಡೆ ದಾಟಿ ಅಡುಗೆಮನೆಗೆ ಬಂದ ತುಣುಕುಗಳು ಮಾತ್ರ ಬೇರೆಯೇ ಆಗಿದ್ದವು.

"...ಇಬ್ಬರೇ ಇರೋದಂತೆ. ಚಿಕ್ಕದಾಗಿ, ಚೊಕ್ಕವಾಗಿ..."

ತಾಯಿ, ಮಗ ಎಂದುಕೊಂಡಳು ದಿಂಬಿನಮ್ಮ.

"...ಮೂರು ತಿಂಗಳು ನೋಡೋಣ. ಸರಿಹೋಗದಿದ್ರೆ ವಾಪಸ್ ತಗೊಂಡ್ರಾಯ್ತು..."

ಸೊಪ್ಪು ಹೆಚ್ಚುತ್ತಿದ್ದ ಕೈ ನಿಂತೇಹೋಯಿತು. ವಾಪಸ್ ತಗೊಳ್ಳುತ್ತಾರಂತೆ! ತೂತಾದ ಕೊಡವೇ ಅವಳು?

ಆ ವಾರದ ಕೊನೆಯಲ್ಲಿ ಅಂಗಡಿಯ ಹಳೆಯ ಫೋನು ಬಡಿದುಕೊಂಡಿತು. ಬೇರೆ ಊರಿನ ಒಬ್ಬರು ಮೇಷ್ಟ್ರು. ವರ್ಷಕ್ಕೊಂದು ದಿಂಬು ತರಿಸಿ, ತಿಂಗಳಿಗೊಂದು ದೂರು ಹೇಳುವವರು.

"ದಿಂಬಿನಮ್ಮ, ಮನೇಲಿ ಎಲ್ಲ ಸೌಖ್ಯ ತಾನೆ?"

"ಯಾಕೆ ಮೇಷ್ಟ್ರೇ?"

"ಈ ಸಲ ಬರೆದದ್ದಕ್ಕೆ ಬಹಳ ಮರ್ಯಾದೆಯಿಂದ ಉತ್ತರ ಬಂತು. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಅನಂತ ಧನ್ಯವಾದಗಳು ಅಂತೆ. ನನಗೆ ಹೆದರಿಕೆಯಾಯ್ತು. ನಿಮ್ಮ ಸೊಸೆ ಹಾಗೆ ಬರೆಯೋಳಲ್ಲ. ಹುಷಾರಾಗಿದ್ದಾಳೆ ತಾನೆ?"

"ಇದ್ದಾಳೆ," ಎಂದು ಫೋನಿಟ್ಟಳು ದಿಂಬಿನಮ್ಮ. ಇದ್ದಾಳೆ, ಆದರೆ ಮನಸ್ಸು ಆಗಲೇ ಒಂದು ಕಾಲು ಹೊರಗಿಟ್ಟಿದೆ ಎಂದುಕೊಂಡಳು. ಮನೆಯವರಿಗೆ ಯಾರಾದರೂ ಅಷ್ಟು ಮರ್ಯಾದೆಯಿಂದ ಬರೆಯುತ್ತಾರೆಯೇ?

ವಿಷಯವನ್ನು ಸೊಸೆಗೆ ಮುಟ್ಟಿಸಿದಳು. ಸೊಸೆಯ ಮುಖ ಒಂಥರಾ ಆಯಿತು. ಫೋನು ತೆಗೆದುಕೊಂಡು ಹಿತ್ತಲ ಮೆಟ್ಟಿಲಿಗೆ ಹೋದಳು. ಒಗೆದ ಗವಸುಗಳನ್ನು ಹರವುವ ನೆಪದಲ್ಲಿ ದಿಂಬಿನಮ್ಮ ಹಿಂದೆಯೇ ಹೋದಳು. ಎರಡು ಸಾಲು ಬಿಳಿ ಗವಸುಗಳ ಆಚೆ ಸೊಸೆ ಕೂತಿದ್ದಳು, ಬೆನ್ನು ಮಾತ್ರ ಕಾಣುತ್ತಿತ್ತು.

"ಇಲ್ಲ, ನಿಮ್ಮ ತಪ್ಪಲ್ಲ," ಎನ್ನುತ್ತಿದ್ದಳು. "ನಿಮ್ಮಷ್ಟು ಮರ್ಯಾದೆ ನಮ್ಮ ಮನೇಲಿ ಯಾರಿಗೂ ಅಭ್ಯಾಸ ಇಲ್ಲ, ಅದೇ ತೊಂದರೆ." ಅತ್ತಲಿಂದ ಏನೋ ಮಾತು ಬಂತು.

ಸೊಸೆ ನಕ್ಕಳು. ಬಾಯಿ ಮುಚ್ಚಿಕೊಂಡು, ಭುಜ ಕುಲುಕಿಸಿಕೊಂಡು, ತಡೆಯಲಾರದೆ ನಕ್ಕಳು.

ದಿಂಬಿನಮ್ಮ ಒದ್ದೆ ಗವಸು ಹಿಡಿದು ನಿಂತಲ್ಲೇ ನಿಂತಳು. ನೀರು ಮೊಣಕೈಗೆ ಇಳಿಯಿತು. ಮಗ ಹೋದ ಮೇಲೆ ಈ ಹುಡುಗಿ ಅತ್ತದ್ದೂ ಕಾಣೆ, ನಕ್ಕದ್ದೂ ಕಾಣೆ. ಹೇಳಿದ ಕೆಲಸ ಮಾಡುತ್ತಿದ್ದಳು, ಹೇಳದ್ದನ್ನೂ ಮಾಡುತ್ತಿದ್ದಳು. ದಿಂಬಿನಮ್ಮ ಹಾಸಿಗೆ ಹಿಡಿದು ಗೋಡೆಗೆ ಮುಖ ಮಾಡಿ ಮಲಗಿದ್ದ ದಿನಗಳಲ್ಲಿ ಗಂಜಿಯ ಬಟ್ಟಲು ಹಿಡಿದು, "ಅತ್ತೆ, ನಾಲ್ಕೇ ಚಮಚ," ಎಂದು ಪಕ್ಕದಲ್ಲಿ ಕೂರುತ್ತಿದ್ದವಳು ಇವಳೇ. ನಾಲ್ಕು ಎಂದು ಶುರುಮಾಡಿ ಬಟ್ಟಲು ಬರಿದಾಗುವವರೆಗೆ ಎಣಿಕೆ ತಪ್ಪಿಸುತ್ತಿದ್ದಳು. ಸಂಖ್ಯೆಯ ಪಾಠ ಹೇಳುವವಳು! ಆ ಬಟ್ಟಲುಗಳಿಗೆ ದಿಂಬಿನಮ್ಮ ಒಂದು ಒಳ್ಳೆ ಮಾತೂ ಆಡಿರಲಿಲ್ಲ. ಆಗ ಬಾಯಿ ಬರಲಿಲ್ಲ. ಆಮೇಲೆ ಹೊತ್ತು ಮೀರಿತ್ತು.

ಗವಸು ಹಿಂಡಿ ತಂತಿಗೆ ಹಾಕಿದಳು. ಇವಳು ನಗುವ ಜಾಗ ಒಂದಿದೆಯೆಂದಾದರೆ ಅಡ್ಡ ನಿಲ್ಲಲು ತಾನ್ಯಾರು?

ಮರುದಿನ ಸೊಸೆಯ ಹಾಸಿಗೆಯ ಹೊದಿಕೆ ಬದಲಿಸಲು ಹೋದಾಗ ಇನ್ನೊಂದು ಕಂಡಿತು. ತಲೆಯ ಕಡೆ ದಿಂಬಿರಲಿಲ್ಲ. ಮಡಿಸಿದ ಟವೆಲು ಇತ್ತು. ಕಪಾಟಿನ ಮೇಲೆ, ಹಳೆಯ ಸೀರೆಯಲ್ಲಿ ಸುತ್ತಿ, ಜೋಡಿ ದಿಂಬು. ಮಗ ಮದುವೆಯಾದಾಗ ಯಜಮಾನರೇ ಹೊಲಿದದ್ದು.

ಊರೂರಿಗೆ ದಿಂಬು ಹೊಲಿಯುವ ಮನೆ. ಸೊಸೆ ಟವೆಲಿನ ಮೇಲೆ ಮಲಗುತ್ತಿದ್ದಳು, ಅತ್ತೆ ಎನ್ನಿಸಿಕೊಂಡವಳ ಕಣ್ಣಿಗೆ ಬಿದ್ದಿರಲಿಲ್ಲ.

ಆ ಸಂಜೆ ದಿಂಬಿನಮ್ಮ ಎಣ್ಣೆಯ ಬಟ್ಟಲು ಹಿಡಿದು ಬಂದಳು. "ಬಾ ಇಲ್ಲಿ. ಕತ್ತು ಹಿಡ್ಕೊಂಡಿದೆ ಅಂತಿದ್ಯಲ್ಲ."

"ನಾನೆಲ್ಲಿ ಅಂದೆ ಅತ್ತೆ?"

"ಅನ್ನದಿದ್ರೆ ನನಗೆ ಕಾಣಲ್ವಾ? ಕೂತ್ಕೋ. ತಲೆ ಅಲ್ಲಾಡಿಸ್ಬೇಡ."

ಎಣ್ಣೆ ತಿಕ್ಕುತ್ತ, ಸೆರಗಿನಲ್ಲಿ ಬಚ್ಚಿಟ್ಟಿದ್ದ ದಾರವನ್ನು ಭುಜದ ತುದಿಯಿಂದ ಕಿವಿಯವರೆಗೆ ಎಳೆದು ಗಂಟು ಹಾಕಿಕೊಂಡಳು.

"ಏನದು ಕಚಗುಳಿ?"

"ಕೂದಲು ಸಿಕ್ಕಾಗಿತ್ತು. ಸುಮ್ನಿರು."

ಬೂರುಗದ ಅರಳೆಯ ಮೂಟೆ ಎಲ್ಲಕ್ಕಿಂತ ಮೇಲಿತ್ತು. ಅದು ಹತ್ತಿಗಿಂತ ಹಗುರ, ಮರದ ಕಾಯಿ ಒಡೆದು ಬಿಡಿಸಿದ್ದು, ಸಿಕ್ಕುವುದೇ ಅಪರೂಪ. ಯಜಮಾನರು ಊಟ ಮಾಡಿ ಒರಗಿದಾಗ ದಿಂಬಿನಮ್ಮ ಸ್ಟೂಲು ಹತ್ತಿ ಬೊಗಸೆ ಬೊಗಸೆಯಾಗಿ ಇಳಿಸಿದಳು. ದಿನಕ್ಕಿಷ್ಟು ಬಿಡಿಸಿ, ಬೀಜದ ಚೂರು ಆರಿಸಿ, ಬಿಸಿಲಿಗೆ ತೋರಿಸಿ, ಪಾತ್ರೆ ಇಡುವ ಗೂಡಿನಲ್ಲಿ ಮುಚ್ಚಿಟ್ಟಳು.

"ಲೇ, ಇಲಿ ಅರಳೆ ತಿನ್ನುತ್ತಾ?" ಎಂದರು ಯಜಮಾನರು ಮೂಟೆ ತೂಗಿ ನೋಡುತ್ತ.

"ಒಳ್ಳೆ ರುಚಿ ಇರೋ ಇಲಿ ಇರ್ಬೇಕು."

"ಕೆಳಗಡೆ ಇಷ್ಟು ಮೂಟೆ ಬಿಟ್ಟು ಮೇಲಿರೋದಕ್ಕೇ ಹೋಗಿದೆಯಲ್ಲ ಅಂತ."

"ಮೂಗಿನ ಮೇಲೆ ಅರಳೆ ಅಂಟಿಕೊಂಡಿದೆ ನಿಮಗೆ," ಎಂದು ಮಾತು ತಿರುಗಿಸಿದಳು. ಅಂಟಿಕೊಂಡಿದ್ದದ್ದು ಅವಳ ಹುಬ್ಬಿಗೆ. ಯಜಮಾನರು ಕಂಡೂ ಮೂಟೆಯನ್ನು ಮತ್ತೆ ಮೇಲಕ್ಕೇ ಎತ್ತಿಟ್ಟರು.

ಹೊರಗೆ ಕೊಡುವ ಹೆಣ್ಣನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ದಿಂಬಿನ ಮನೆಯಿಂದ ಹೋಗುವವಳು ಟವೆಲು ಮಡಿಸಿಕೊಂಡು ಮಲಗಬಾರದು. ಜೋಡಿ ದಿಂಬು. ಎರಡೂ ಒಂದೇ ಎತ್ತರ ಹಾಕಿದಳು. ಬರುವವನ ಕತ್ತು ಹೇಗಿದೆಯೋ, ಯಾರು ಕಂಡರು? ಹೊಂದಿಕೊಳ್ಳಲಿ. ಅಂಚಿಗೆ ಒತ್ತು ಹೊಲಿಗೆ ಹಾಕುತ್ತ ಎಷ್ಟೋ ಸಲ ಕಣ್ಣು ಮಂಜಾಗಿ ಸೂಜಿ ಬೆರಳಿಗೆ ಹೋಯಿತು. ಬೈದುಕೊಂಡು ಮುಂದೆ ಹೊಲಿದಳು.

ಜೋಡಿ ಹೊಲಿದು ಮುಗಿಸಿದ ಮೇಲಿನ ಭಾನುವಾರ ಬೆಳಿಗ್ಗೆ ಮಗಳು ಬಂದವಳೇ, "ಅಮ್ಮ, ಇವತ್ತೊಬ್ಬರು ಬರ್ತಾರೆ. ಫೋಟೊ ತೆಗೆಯೋಕೆ. ಸ್ವಲ್ಪ ಚಹಾ ಮಾಡ್ತೀಯಾ?" ಎಂದಳು.

"ಬರ್ಲಿ," ಎಂದಳು ದಿಂಬಿನಮ್ಮ. ಒಳ್ಳೆಯ ಸೀರೆ ಉಟ್ಟಳು. ಮೇಜಿನ ಮೇಲೆ ಹೊಸ ಬಟ್ಟೆ ಹಾಸಿದಳು. ಆ ಗತ್ತು ನೋಡಿ ಮಗಳೂ ಅಪ್ಪನೂ ಮುಖ ಮುಖ ನೋಡಿಕೊಂಡರು.

ಬಂದವನು ಸಾಧಾರಣ ಆಳು, ದಪ್ಪ ಕನ್ನಡಕ, ಹೆಗಲಿಗೆ ಚೀಲ. ಚಪ್ಪಲಿ ಜೋಡಿಸಿ ಬಿಟ್ಟು ಒಳಗೆ ಬಂದ. ಅಷ್ಟರ ಮಟ್ಟಿಗೆ ಒಳ್ಳೆಯದು ಎಂದುಕೊಂಡಳು ದಿಂಬಿನಮ್ಮ. ಸೊಸೆ ಕಿಟಕಿಯ ಬೆಳಕಿನಲ್ಲಿ ದಿಂಬು ಜೋಡಿಸಲು ನಡುವಿನ ಕೋಣೆಗೆ ಹೋದಳು, ಮಗಳೂ ಯಜಮಾನರೂ ಅವಳ ಹಿಂದೆ. ಊಟದ ಮೇಜಿನಲ್ಲಿ ಉಳಿದವರು ಇಬ್ಬರೇ. ದಿಂಬಿನಮ್ಮ ಚಹಾದ ಲೋಟ ಮುಂದಿಟ್ಟು, ಎದುರಿಗೆ ಕೂತಳು.

"ಮನೇಲಿ ಯಾರ್ಯಾರು ಇದ್ದೀರಪ್ಪ?"

"ನಾನು, ನನ್ನ ಹೆಂಡ್ತಿ, ಇಬ್ಬರೇ ಅಮ್ಮ."

ದಿಂಬಿನಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಹೆಂಡ್ತಿ... ಇದ್ದಾಳಾ?"

"ಇದ್ದಾಳೆ. ಅವಳೇ ನನ್ನನ್ನ ಕಳಿಸಿದ್ದು. ಒಳ್ಳೆ ಮನೆ, ಇವರನ್ನ ಬಿಡ್ಬೇಡಿ ಅಂದ್ಲು."

"ಅವಳಿಗೆ ಗೊತ್ತು?"

"ಅಯ್ಯೋ, ಅವಳಿಲ್ಲದೆ ನಡೆಯೋದೇ ಇಲ್ಲ. ಈಗಾಗ್ಲೇ ನಮ್ಮ ಹತ್ರ ಏಳು ಜನ ಇದ್ದಾರಲ್ಲ, ನಾನೊಬ್ಬನೇ ಹೇಗೆ ಸುಧಾರಿಸಲಿ?"

"ಏಳು ಜನ."

"ನಿಮ್ಮವರು ಎಂಟನೆಯವರಾಗ್ತಾರೆ. ಆದ್ರೆ ನಮ್ಮಲ್ಲಿ ಭೇದ ಇಲ್ಲಮ್ಮ, ಎಲ್ಲರನ್ನೂ ಒಂದೇ ಥರ ನೋಡ್ಕೋತೀವಿ. ಮೊದಲ ಮೂರು ತಿಂಗಳು ಇಷ್ಟ ಆಗದಿದ್ರೆ ಬಿಟ್ಟುಬಿಡಬಹುದು. ಬಲವಂತ ಏನಿಲ್ಲ."

ದಿಂಬಿನಮ್ಮ ಕೈ ಚಾಚಿ ಅವನ ಮುಂದಿನ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಏಳಪ್ಪ."

"ಹೌದಮ್ಮ, ಏಳು ಜನ."

"ನೀನು ಏಳು! ಎದ್ದೇಳು ಅಂದೆ! ಚಪ್ಪಲಿ ಅಲ್ಲಿದೆ."

ಕೂಗಿಗೆ ಮೂವರೂ ಓಡಿಬಂದರು. ಪ್ರಚಾರದವನು ಚೀಲವನ್ನು ಎದೆಗವುಚಿಕೊಂಡು ಗೋಡೆಗೆ ಒರಗಿದ್ದ.

"ಅಮ್ಮ! ಏನಿದು?"

"ನಿನ್ನ ಬಾಯಿ ಮುಚ್ಚು! ಹೊರಗೆ ಕೊಡ್ತಾಳಂತೆ, ದೊಡ್ಡ ಮನುಷ್ಯಳು! ಎಂಥವನನ್ನ ಹುಡುಕಿದ್ದೀಯೆ? ಏಳು ಜನ ಇದ್ದಾರಂತೆ ಇವನಿಗೆ! ಮೇಲೊಬ್ಬಳು ಹೆಂಡ್ತಿ, ಅವಳದೇ ಉಸ್ತುವಾರಿ! ರೀ, ನೀವೂ ಸೇರ್ಕೊಂಡ್ರಲ್ಲ. ಕೇಳಿ ಎಲ್ಲರೂ. ಒಳ್ಳೆಯವನಾಗಿದ್ರೆ ನಾನೇ ಮುಂದೆ ನಿಂತು ಕಳಿಸ್ತಿದ್ದೆ. ದಿಂಬು ಕೂಡ ಹೊಲಿದಿಟ್ಟಿದ್ದೀನಿ. ಆದ್ರೆ ಇಂಥ ಸಂತೆಗೆ ನನ್ನ ಸೊಸೇನ ಕೊಡಲ್ಲ. ಇವಳು ಈ ಮನೇಲೇ ಇರ್ತಾಳೆ. ನಾನು ಸಾಕ್ತೀನಿ!"



"ಅಮ್ಮ," ಎಂದಳು ಮಗಳು ನಿಧಾನವಾಗಿ, "ಹೊರಗೆ ಕೊಡೋಣ ಅಂದದ್ದು ಪೇಜಿನ ಕೆಲಸಾನ. ಅತ್ತಿಗೇನಲ್ಲ."

"ಏನು?"

"ಫೋಟೊ, ಜಾಹೀರಾತು, ಉತ್ತರ ಬರೆಯೋದು. ಇವರು ಅಂಗಡಿಗಳಿಗೆ ಪ್ರಚಾರದ ಕೆಲಸ ಮಾಡಿಕೊಡ್ತಾರೆ."

"ಏಳು ಅಂಗಡಿ ಅಮ್ಮ," ಎಂದ ಪ್ರಚಾರದವನು ಗೋಡೆ ಬಿಡದೆ. "ಒಂದು ಬೇಕರಿ, ಒಂದು ಬೀಗ ರಿಪೇರಿ..."

ಯಜಮಾನರು ಮೊದಲು ಕೆಮ್ಮಿದರು. ಕೆಮ್ಮು ನಗೆಯಾಯಿತು. ಮಗಳು ಕುರ್ಚಿ ಹಿಡಿದು ಬಗ್ಗಿದಳು. ದಿಂಬಿನಮ್ಮ ಒಮ್ಮೆ ಲೋಟ ನೋಡಿದಳು, ಒಮ್ಮೆ ಅವನನ್ನು ನೋಡಿದಳು, ಲೋಟವನ್ನು ಮೆಲ್ಲಗೆ ಅವನ ಕಡೆಗೆ ಮತ್ತೆ ತಳ್ಳಿದಳು.

"ಕುಡಿಯಪ್ಪ. ಆರಿದ್ರೆ ಬಿಸಿ ಮಾಡ್ಕೊಡ್ತೀನಿ."

ನಗದೇ ಇದ್ದವಳು ಸೊಸೆ ಒಬ್ಬಳೇ.

"ಅತ್ತೆ," ಎಂದಳು. "ನಿಜವಾಗ್ಲೂ ಕಳಿಸೋಕೆ ತಯಾರಾಗಿದ್ರಾ?"

ದಿಂಬಿನಮ್ಮ ಮೇಜಿನ ಬಟ್ಟೆಯ ಸುಕ್ಕು ತೀಡಿದಳು. "ಮೊದಲ ವಾರ ಇಲ್ಲ. ಮೊದಲ ವಾರ ನಿಮ್ಮ ಮಾವನ ಚಹಾದಲ್ಲಿ ಸಕ್ಕರೆ ಹಾಕೋದನ್ನೂ ಬಿಟ್ಟಿದ್ದೆ. ಆಮೇಲೆ ಹಿತ್ತಲಲ್ಲಿ ನೀನು ನಗ್ತಿದ್ದೆ ಕಣೆ. ನಗೋಳನ್ನ ಹೇಗೆ ಕಟ್ಟಿಹಾಕಲಿ?"

ಸೊಸೆ ಕೈಯಲ್ಲಿದ್ದ ದಿಂಬನ್ನು ಕುರ್ಚಿಯ ಮೇಲಿಟ್ಟಳು. ಕೆನ್ನೆಯ ಮೇಲೆ ನೀರಿಳಿಯಿತು. ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ. ಮಳೆ ಬಂದದ್ದನ್ನು ಕಿಟಕಿಯಿಂದ ನೋಡುವವಳ ಹಾಗೆ ನಿಂತಿದ್ದಳು.

"ಅಳ್ತೀಯಲ್ಲೇ," ಎಂದಳು ದಿಂಬಿನಮ್ಮ. "ಅಳು. ಎಷ್ಟು ಕಾಲ ಆಯ್ತು."

ಅಂದು ಪ್ರಚಾರದವನು ಊಟಕ್ಕೂ ಉಳಿಯಬೇಕಾಯಿತು, ಬಿಟ್ಟರೆ ತಾನೆ! ನಾಲ್ಕನೆಯ ಕುರ್ಚಿಯಲ್ಲಿ ಅವನು, ಮಗಳು ಸ್ಟೂಲಿನ ಮೇಲೆ. ಫೋನು ಕಿಟಕಿಯ ಕಟ್ಟೆಯ ಮೇಲೆ. ಈಗ ಮಾತು ಬಹಿರಂಗವಾಗಿ ನಡೆಯಿತು.

"ಉತ್ತರ ಬರೆಯೋದು ಮೊದಲು ಅಂತ ಹೇಳಿದ್ದು ನನ್ನ ತಪ್ಪು," ಎಂದಳು ಮಗಳು. "ಹೊತ್ತು ಜಾಸ್ತಿ ತಿನ್ನೋದನ್ನ ಕೊಟ್ಟೆವು. ನಮ್ಮನ್ನ ಗೊತ್ತಿಲ್ಲದವರೂ ಮಾಡಬಹುದಾದ್ದನ್ನ ಕೊಡಬೇಕಿತ್ತು."

"ಮೇಷ್ಟ್ರು ಹೆದರಿಹೋಗಿದ್ದಾರೆ," ಎಂದರು ಯಜಮಾನರು.

"ಹಾಗಾದ್ರೆ ನಮ್ಮನ್ನ ಗೊತ್ತಿರಬೇಕಾಗಿಲ್ಲದ್ದು ಯಾವುದು?" ಎಂದಳು ದಿಂಬಿನಮ್ಮ.

ಎಲ್ಲರಿಗೂ ಗೊತ್ತಿತ್ತು. ಸೊಸೆಯೇ ಹೇಳಿದಳು.

"ಜಾಹೀರಾತು. ಅದು ಬರೀ ಅಂಕಿ. ಯಾವ ಊರಿಗೆ, ಯಾವ ಹೊತ್ತಿಗೆ, ಎಷ್ಟು ದಿನ. ಅವರು ಹಾಕಿಟ್ಟ ಹಾಗೇ ಇರಲಿ ಅಂತ ನಾನು ದಿನಾ ತೆಗೆದು ನೋಡ್ತಾ ಕೂರ್ತೀನಿ. ನೋಡಿ ನೋಡಿ ನಿದ್ದೆ ಹೋಗುತ್ತೆ. ಏನೂ ಬದಲಾಯಿಸಲ್ಲ."

"ಅಂಕಿಗಳು ಬಹಳ ಹಳೇದಾಗಿವೆ," ಎಂದ ಪ್ರಚಾರದವನು, ತಪ್ಪಾಯಿತೇನೋ ಎಂಬಂತೆ. "ಆದ್ರೆ ಹಾಕಿದವರು ಚೆನ್ನಾಗಿ ಹಾಕಿದ್ದಾರೆ. ಬುಡ ಗಟ್ಟಿಯಾಗಿದೆ."

ಮೇಜಿನ ಸುತ್ತ ಕೈಗಳೆಲ್ಲ ನಿಂತವು. ಸೊಸೆ ಅತ್ತೆಯ ಕಡೆ ನೋಡಿದಳು.

"ನಾನು ಕಣ್ಣು ಮುಚ್ಚಿದ ಮೇಲೆ ಕೊಡಿ ಅಂದಿದ್ದೆ," ಎಂದಳು ದಿಂಬಿನಮ್ಮ. "ಅಂದಿದ್ದೆ, ಅಷ್ಟೆ. ಜನಕ್ಕೆ ನಿದ್ದೆ ಬರ್ಲಿ ಅಂತ ಅವನು ಕಟ್ಟಿದ್ದು, ಹೆಂಡ್ತಿ ನಿದ್ದೆಗೆಡಲಿ ಅಂತಲ್ಲ. ಕೊಟ್ಟುಬಿಡು. ಇನ್ನೊಂದು ಚಮಚ ಹಾಕ್ಕೊಳಪ್ಪ, ಏಳು ಜನರನ್ನ ನೋಡ್ಕೊಳ್ಳೋನು."

ಹಾಗೆ ಮೊದಲು ಜಾಹೀರಾತು ಹೋಯಿತು. ಮೇಷ್ಟ್ರ ಕತ್ತಿಗೆ ಸಮಾಧಾನವಾಗಲೆಂದು ಉತ್ತರ ಮನೆಗೇ ವಾಪಸು ಬಂತು. ಬರೆಯುವುದು ಸಂಜೆ ಸೊಸೆ, ಒತ್ತಿ ಹಿಡಿದು ಮಾತಾಡುವುದು ಹಗಲೆಲ್ಲ ದಿಂಬಿನಮ್ಮ. ಎರಡನೆಯದಾಗಿ ಹೋದದ್ದು ಫೋಟೊ. ಯಜಮಾನರ ದಿಂಬು ಆ ಮಧ್ಯಾಹ್ನವೇ ಕಿಟಕಿಯ ಬೆಳಕಿನಲ್ಲಿ ಹಿಟ್ಟಿನ ಮೂಟೆಯಾಗುವುದನ್ನು ಬಿಟ್ಟು ದಿಂಬಾಯಿತು.

ಅವರೆಲ್ಲ ಅತ್ತ ಇರುವಾಗ ದಿಂಬಿನಮ್ಮ ಪಾತ್ರೆಯ ಗೂಡಿನಿಂದ ಜೋಡಿಯನ್ನು ತೆಗೆದು ಸೊಸೆಯ ಕೋಣೆಗೆ ಒಯ್ದಳು. ಸೊಸೆ ಬೆರಳಿನಿಂದ ಅಂಚಿನ ಹೊಲಿಗೆ ಮುಟ್ಟಿದಳು.

"ಬೂರುಗದ ಅರಳೆ."

"ಇಲಿ ಅಂದ್ರಲ್ಲ ನಿಮ್ಮ ಮಾವ, ಆ ಇಲಿ ನಾನೇ. ಮಲಗು ನೋಡೋಣ. ಅಳತೆ ಸರಿಯಿದೆಯಾ?"

ಸೊಸೆ ಟವೆಲು ತೆಗೆದಿಟ್ಟು ಮಗ್ಗುಲಾಗಿ ಮಲಗಿದಳು. ಕಿವಿ, ಭುಜ, ದಿಂಬು ಮೂರೂ ಸರಿಯಾಗಿ ಕೂತವು.

"ಅತ್ತೆ," ಎಂದಳು, ಕಣ್ಣು ಮುಚ್ಚಿಕೊಂಡೇ. "ಥ್ಯಾಂಕ್ಸ್ ಅಂದ್ರೆ ಬೈತೀರಾ?"

"ಅನಂತ ಧನ್ಯವಾದ ಅನ್ನದಿದ್ರೆ ಸಾಕು. ಗಂಜಿ ಕುಡಿಸಿದ್ದಕ್ಕೆ ನಾನು ನಿನಗೆ ಏನಾದ್ರೂ ಅಂದಿದ್ದೆನಾ? ಈಗ ಅಂದೆ ಅಂದುಕೋ."

"ಇನ್ನೊಂದು ದಿಂಬು?"

"ಅದು ಇರಲಿ. ಕಪಾಟಿನ ಮೇಲೆ ಇಟ್ಟಿರ್ತೀನಿ. ಅವಸರ ಏನಿಲ್ಲ. ಹಾಳಾಗೋ ಅರಳೆ ಅಲ್ಲ ಅದು."

ದಿಂಬಿನಮ್ಮ ಬಗ್ಗಿ ನೋಡಿದಳು. ಬಾಯಿ ಸ್ವಲ್ಪ ತೆರೆದು, ಹಿಡಿದುಕೊಂಡಿದ್ದ ಕತ್ತು ಸಡಿಲವಾಗಿ, ನಡುಮಧ್ಯಾಹ್ನ, ಅವಳು ನಿದ್ದೆ ಹೋಗಿದ್ದಳು.

ಕಿಟಕಿಯ ಕಟ್ಟೆಯಲ್ಲಿ ಫೋನು ಟಿಣ್ ಎಂದಿತು. ದಿಂಬಿನಮ್ಮ ಓಡಿಹೋಗಿ ಎತ್ತಿಕೊಂಡು, ಬಾಗಿಲು ಮುಂದೆ ಮಾಡಿ, ಒತ್ತಿ ಹಿಡಿದು, ಪಿಸುದನಿಯಲ್ಲಿ ಹೇಳಿದಳು:

"ನೋಡಿ, ಯಾರಾದ್ರೂ ಆಗಿರಿ, ಸಾಯಂಕಾಲ ಕೇಳಿ. ನನ್ನ ಸೊಸೆ ಮಲಗಿದ್ದಾಳೆ."